ಕಿರಿಬಾಸ್ ಮೀನುಗಾರಿಕೆ: ನೆರವಿನ ಯೋಜನೆಗಳಲ್ಲಿ ತಪ್ಪಿದ ಲೆಕ್ಕ

ಶಾಂತಸಾಗರದ ನಡುವೆ, ಸಮಭಾಜಕ ವೃತ್ತದ ಎರಡೂ ಬದಿಗೆ ಚದುರಿಕೊಂಡಿರುವ ಪುಟ್ಟ ದೇಶ ಕಿರಿಬಾಸ್. ಭೂಪಟ ನೋಡಿ ಇದನ್ನು 'ಕಿರಿಬಾಟಿ' ಎಂದು ಓದುವವರೇ ಹೆಚ್ಚು. ಅಲ್ಲಿನ ಭಾಷೆಯ ಬರವಣಿಗೆಯಲ್ಲಿ 'ಸ'ಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ನಾವು 'ಟಿ' ಎಂದು ಓದುವ ಎರಡು ಅಕ್ಷರಗಳನ್ನೇ ಅವರು 'ಸ್' ಎಂದು ಉಚ್ಚರಿಸುತ್ತಾರೆ. ಒಟ್ಟು 33 ದ್ವೀಪಗಳು. ಎಲ್ಲವನ್ನೂ ಕೂಡಿಸಿದರೆ ನೆಲ ಕೇವಲ 811 ಚದರ ಕಿಲೋಮೀಟರ್. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 1.2 ಲಕ್ಷ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರಾಜಧಾನಿಯಾದ ದಕ್ಷಿಣ ತರಾವಾದ ಕಿರಿದಾದ ಪಟ್ಟಿಯಲ್ಲಿ ಒತ್ತೊತ್ತಾಗಿ ಬದುಕುತ್ತಾರೆ. ಆದರೆ ಮೀನು ಹಿಡಿಯುವ ಹಕ್ಕು ಇವರಿಗೇ ಸೇರಿರುವ ಕಡಲು, ಅಂದರೆ ಪ್ರತ್ಯೇಕ ಆರ್ಥಿಕ ವಲಯ, ಸುಮಾರು 34 ಲಕ್ಷ ಚದರ ಕಿಲೋಮೀಟರ್. ಇದು ಭಾರತದ ಇಡೀ ಭೂಪ್ರದೇಶಕ್ಕಿಂತ ದೊಡ್ಡದು. ಈ ದೇಶದ ಸರ್ಕಾರಕ್ಕೆ ಬರುವ ಆದಾಯದಲ್ಲಿ ಅತಿ ದೊಡ್ಡ ಪಾಲು ವಿದೇಶಿ ಹಡಗುಗಳಿಗೆ ಟ್ಯೂನಾ ಮೀನು ಹಿಡಿಯಲು ಕೊಡುವ ಪರವಾನಗಿಯಿಂದ ಬರುತ್ತದೆ.

1979ರಲ್ಲಿ ಸ್ವತಂತ್ರವಾದ ಈ ದೇಶಕ್ಕೆ ಮೀನುಗಾರಿಕೆಯ ಹೆಸರಿನಲ್ಲಿ ನೆರವು ಕೊಟ್ಟವರು ಅನೇಕರು. ಬ್ರಿಟನ್, ಜಪಾನ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ಯುರೋಪಿನ ಒಕ್ಕೂಟ, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ವಿಶ್ವಬ್ಯಾಂಕ್ ಹೀಗೆ ಪಟ್ಟಿ ಉದ್ದವಾಗಿದೆ. ಅವರ ಸದುದ್ದೇಶದ ಬಗ್ಗೆ ನನಗೆ ಸಂದೇಹವಿಲ್ಲ. ನಾನು ಮೀನುಗಾರಿಕೆಯ ತಜ್ಞನೂ ಅಲ್ಲ, ಭೌತಶಾಸ್ತ್ರ ಕಲಿಸುವವನು. ನನ್ನ ತಕರಾರು ಅಳತೆಗೆ ಸಂಬಂಧಿಸಿದ್ದು. ಇಂಥ ಯೋಜನೆಗಳು ಬಹುಮಟ್ಟಿಗೆ ಹಣ ಕೊಡುವ ಕಚೇರಿಯ ಕ್ಯಾಲೆಂಡರಿನಲ್ಲಿ, ಆ ಕಚೇರಿ ಎಣಿಸಬಲ್ಲ ವಸ್ತುಗಳಲ್ಲಿ ಅಳೆಯಲ್ಪಡುತ್ತವೆ. ಕಡಲಿನ ಕಾಲಮಾನ ಬೇರೆ. ಈ ಎರಡರ ಅಂತರವೇ ಅಲ್ಲಿನ ಹಲವು ವೈಫಲ್ಯಗಳ ಮೂಲ ಎಂಬುದನ್ನು ತೋರಿಸಲು ಇಲ್ಲಿ ಪ್ರಯತ್ನಿಸುತ್ತೇನೆ.

ಮೊದಲ ಪಾಠ

1981ರಲ್ಲಿ ಕಿರಿಬಾಸ್ ಸರ್ಕಾರ ತೆ ಮೌತಾರಿ ಎಂಬ ಸ್ವಂತ ಮೀನುಗಾರಿಕಾ ಕಂಪನಿಯನ್ನು ಸ್ಥಾಪಿಸಿತು. ವಿದೇಶಿ ನೆರವಿನಿಂದ ದೋಣಿಗಳು ಬಂದವು. ಇವು ಕೋಲುಗಾಳದ ದೋಣಿಗಳು: ಜೀವಂತ ಚಿಕ್ಕ ಮೀನುಗಳನ್ನು ನೀರಿಗೆ ಎರಚಿ ಟ್ಯೂನಾ ಹಿಂಡನ್ನು ಕೆರಳಿಸಿ, ದೋಣಿಯ ಅಂಚಿನಲ್ಲಿ ನಿಂತವರು ಕೋಲಿಗೆ ಕಟ್ಟಿದ ಗಾಳದಿಂದ ಒಂದೊಂದಾಗಿ ಎಳೆದು ಹಾಕುವ ವಿಧಾನ. ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಲ್ಲೂ ಇದೇ ಪದ್ಧತಿ. ಎರೆಮೀನು ಸಿಗಬೇಕಲ್ಲ? ಅದಕ್ಕಾಗಿ ತರಾವಾದ ತೆಮೈಕು ಎಂಬಲ್ಲಿ ಹಾಲುಮೀನು ಸಾಕುವ ವಿಶಾಲವಾದ ಕೊಳಗಳನ್ನು ಅದಕ್ಕೂ ಮೊದಲೇ ನೆರವಿನ ಹಣದಿಂದ ಕಟ್ಟಲಾಗಿತ್ತು.

ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ ಕೊಳಗಳಿಂದ ಬೇಕಾದಷ್ಟು ಎರೆಮೀನು ಬರಲಿಲ್ಲ. ಇಂಧನದ ಖರ್ಚು ಹೆಚ್ಚು, ಮಾರುಕಟ್ಟೆ ದೂರ. ಟ್ಯೂನಾ ಕೆಲವು ವರ್ಷ ಧಾರಾಳ, ಕೆಲವು ವರ್ಷ ನಾಪತ್ತೆ. ಕಂಪನಿ ನಷ್ಟದಲ್ಲೇ ಉಳಿದು 2001ರಲ್ಲಿ ಇನ್ನೊಂದು ಸರ್ಕಾರಿ ಸಂಸ್ಥೆಯೊಳಗೆ ವಿಲೀನವಾಯಿತು. ವೈಫಲ್ಯಕ್ಕೆ ಆಡಳಿತದ ದೌರ್ಬಲ್ಯವೇ ಕಾರಣ ಎಂದು ಹೇಳಿ ಮುಗಿಸುವುದು ಸುಲಭ. ಅದು ಅರ್ಧ ಸತ್ಯ. ಉಳಿದ ಅರ್ಧವನ್ನು ತಿಳಿಯಲು ಸಾಗರವನ್ನೇ ನೋಡಬೇಕು.

ಲೋಲಕದ ಅರ್ಧ ಆಂದೋಲನ

ಸಮಭಾಜಕ ವೃತ್ತದ ಆಸುಪಾಸಿನಲ್ಲಿ ವಾಣಿಜ್ಯ ಮಾರುತಗಳು ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತವೆ. ಅವು ಬಿಸಿಲಿಗೆ ಕಾದ ಮೇಲ್ಪದರದ ನೀರನ್ನು ಪಶ್ಚಿಮದತ್ತ ತಳ್ಳುತ್ತವೆ. ಇದರಿಂದ ಇಂಡೊನೇಷ್ಯದ ಕಡೆ ಸಮುದ್ರಮಟ್ಟ ದಕ್ಷಿಣ ಅಮೆರಿಕದ ತೀರಕ್ಕಿಂತ ಸುಮಾರು ಅರ್ಧ ಮೀಟರ್ ಎತ್ತರವಿರುತ್ತದೆ. ಪಶ್ಚಿಮದಲ್ಲಿ ಬೆಚ್ಚನೆಯ ನೀರಿನ ದೊಡ್ಡ ಮಡು. ಪೂರ್ವದಲ್ಲಿ ಆಳದಿಂದ ಮೇಲೇಳುವ ತಣ್ಣನೆಯ, ಪೋಷಕಾಂಶ ತುಂಬಿದ ನೀರು. ಇವೆರಡೂ ಸಂಧಿಸುವ ಅಂಚಿನಲ್ಲಿ ಪ್ಲವಕಗಳು, ಅವನ್ನು ತಿನ್ನುವ ಸಣ್ಣ ಜೀವಿಗಳು ಒಟ್ಟುಗೂಡುತ್ತವೆ. ಅವುಗಳ ಬೆನ್ನುಹತ್ತಿ ಸ್ಕಿಪ್‌ಜಾಕ್ ಟ್ಯೂನಾ ಬರುತ್ತದೆ. ಡಬ್ಬಿಯಲ್ಲಿ ತುಂಬಿ ಮಾರುವ ಟ್ಯೂನಾದಲ್ಲಿ ಹೆಚ್ಚಿನದು ಇದೇ ಜಾತಿ.

ಎರಡರಿಂದ ಏಳು ವರ್ಷಕ್ಕೊಮ್ಮೆ, ಯಾವುದೇ ನಿಯತ ಅವಧಿಯಿಲ್ಲದೆ, ಈ ಮಾರುತಗಳು ಸೊರಗುತ್ತವೆ. ಆಗ ಬೆಚ್ಚನೆಯ ನೀರು ಪೂರ್ವಕ್ಕೆ ಜಾರುತ್ತದೆ. ಇದೇ ಎಲ್ ನಿನೊ. ಬೆಚ್ಚನೆಯ ಮಡುವಿನ ಅಂಚು ಸಾವಿರಾರು ಕಿಲೋಮೀಟರ್ ಸರಿದು ಕಿರಿಬಾಸ್ ಕಡಲಿಗೆ ಬರುತ್ತದೆ. ಅದರೊಂದಿಗೆ ಟ್ಯೂನಾ ಹಿಂಡುಗಳೂ ಸರಿಯುತ್ತವೆ ಎಂಬುದನ್ನು ಲೆಹೊಡೆ ಮತ್ತು ಸಂಗಡಿಗರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ವಿರುದ್ಧ ಸ್ಥಿತಿಯಾದ ಲಾ ನಿನಾದಲ್ಲಿ ಹಿಂಡುಗಳು ಪಶ್ಚಿಮಕ್ಕೆ, ಪಪುವಾ ನ್ಯೂಗಿನಿಯ ಕಡೆಗೆ ಹಿಂತಿರುಗುತ್ತವೆ. ನಮಗೆ ಎಲ್ ನಿನೊ ಎಂದರೆ ಮುಂಗಾರು ಕೈಕೊಟ್ಟೀತೆಂಬ ಭಯ. ಕಿರಿಬಾಸಿಗೆ ಅದೇ ಎಲ್ ನಿನೊ ಮಳೆಯನ್ನೂ ಮೀನನ್ನೂ ತರುತ್ತದೆ. ಲಾ ನಿನಾ ಎರಡನ್ನೂ ಕಸಿದುಕೊಳ್ಳುತ್ತದೆ.

ಈಗ ನೆರವಿನ ಯೋಜನೆಯ ಅವಧಿ ನೋಡಿ: ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಆರಂಭದಲ್ಲಿ ಒಂದು ಅಳತೆ, ಕೊನೆಯಲ್ಲಿ ಇನ್ನೊಂದು. ವ್ಯತ್ಯಾಸವೇ ಯೋಜನೆಯ ಫಲ. ಪ್ರಯೋಗಾಲಯದಲ್ಲಿ ಸರಳ ಲೋಲಕದ ಆವರ್ತಕಾಲ ಅಳೆಯುವಾಗ ಇಪ್ಪತ್ತು ಆಂದೋಲನಗಳನ್ನು ಎಣಿಸಲು ನಾವು ಹೇಳುತ್ತೇವೆ. ಅರ್ಧ ಆಂದೋಲನ ಮಾತ್ರ ನೋಡಿ, ಗುಂಡು ಎಡದಿಂದ ಬಲಕ್ಕೆ ಹೋಯಿತು, ಆದ್ದರಿಂದ ಅದು ಬಲಕ್ಕೇ ಹೋಗುತ್ತಿರುತ್ತದೆ ಎಂದು ಬರೆದ ವಿದ್ಯಾರ್ಥಿಗೆ ಯಾರೂ ಅಂಕ ಕೊಡುವುದಿಲ್ಲ. ಲಾ ನಿನಾದಲ್ಲಿ ಆರಂಭವಾಗಿ ಎಲ್ ನಿನೊದಲ್ಲಿ ಮುಗಿದ ಯೋಜನೆ ತಾನೇ ತಾನಾಗಿ 'ಯಶಸ್ವಿ', ತಿರುಗುಮುರುಗಾದರೆ 'ವಿಫಲ'. ಯೋಜನೆ ಏನು ಮಾಡಿತು ಎಂಬುದು ಇದರಿಂದ ತಿಳಿಯುವುದೇ ಇಲ್ಲ.

ಇದು ಬರಿಯ ತರ್ಕವಲ್ಲ. 2011ರಲ್ಲಿ ಕಿರಿಬಾಸಿನ ಪರವಾನಗಿ ಆದಾಯ ಸುಮಾರು 3 ಕೋಟಿ ಆಸ್ಟ್ರೇಲಿಯನ್ ಡಾಲರ್ (ಅಲ್ಲಿ ಚಲಾವಣೆಯಲ್ಲಿರುವುದು ಈ ನಾಣ್ಯವೇ). 2015ರಲ್ಲಿ ಅದು ಸುಮಾರು 20 ಕೋಟಿ. ನಾಲ್ಕು ವರ್ಷಗಳಲ್ಲಿ ಆರೇಳು ಪಟ್ಟು! ಆ ಅವಧಿಯಲ್ಲಿ ಕೊಟ್ಟ ಯಾವ ನೆರವನ್ನಾದರೂ ಈ ಏರಿಕೆಗೆ ತಳಕು ಹಾಕಬಹುದಿತ್ತು. ಆದರೆ 2011 ಲಾ ನಿನಾ ವರ್ಷ, 2015 ಪ್ರಬಲ ಎಲ್ ನಿನೊ ವರ್ಷ. ಪರವಾನಗಿಯ ದರ ನಿಗದಿಯಾಗುವುದು ಅಮೆರಿಕದ ಡಾಲರಿನಲ್ಲಿ. ಈ ನಡುವೆ ಅದರೆದುರು ಆಸ್ಟ್ರೇಲಿಯನ್ ಡಾಲರಿನ ಬೆಲೆ ಕಾಲುಭಾಗದಷ್ಟು ಕುಸಿದಿದ್ದರಿಂದ ಲೆಕ್ಕಪುಸ್ತಕದಲ್ಲಿ ಆದಾಯ ಉಬ್ಬಿ ಕಂಡಿತು. ಜೊತೆಗೆ ಪರವಾನಗಿಯ ದರವೇ ಏರಿತ್ತು. ಮೂರು ಚರಗಳು ಏಕಕಾಲಕ್ಕೆ ಬದಲಾದಾಗ ಒಂದರ ಪರಿಣಾಮವನ್ನು ಬೇರ್ಪಡಿಸಲು ಎರಡು ಬಿಂದುಗಳ ಅಳತೆ ಸಾಲದು. ಇವುಗಳಲ್ಲಿ ಬಾಳಿಕೆ ಬರುವಂಥದ್ದು ದರದ ಏರಿಕೆ ಮಾತ್ರ. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ಐಸ್ ಪ್ಲಾಂಟಿನ ಲೆಕ್ಕ

ಹೊರದ್ವೀಪಗಳಿಗೆ ಐಸ್ ಪ್ಲಾಂಟ್ ಕೊಡುವುದು ಶಾಂತಸಾಗರದ ನೆರವಿನಲ್ಲಿ ಬಹಳ ರೂಢಿಯಲ್ಲಿರುವ ಕ್ರಮ. ಐಸ್ ಇದ್ದರೆ ಮೀನು ಕೆಡುವುದಿಲ್ಲ, ಪೇಟೆಗೆ ಕಳಿಸಬಹುದು, ಆದಾಯ ಬರುತ್ತದೆ. ಉದ್ಘಾಟನೆಗೂ ಅನುಕೂಲ. ಇದರ ಲೆಕ್ಕವನ್ನು ಪಿಯುಸಿ ವಿದ್ಯಾರ್ಥಿಯೂ ಮಾಡಬಲ್ಲ.

30 ಡಿಗ್ರಿ ಸೆಲ್ಸಿಯಸ್‌ನ ಒಂದು ಕಿಲೋಗ್ರಾಂ ನೀರನ್ನು ಸೊನ್ನೆ ಡಿಗ್ರಿಗೆ ಇಳಿಸಲು 126 ಕಿಲೋಜೂಲ್, ಅದನ್ನು ಮಂಜುಗಡ್ಡೆ ಮಾಡಲು ಗುಪ್ತೋಷ್ಣ 334 ಕಿಲೋಜೂಲ್, ಒಟ್ಟು 460 ಕಿಲೋಜೂಲ್ ಉಷ್ಣವನ್ನು ಹೊರತೆಗೆಯಬೇಕು. ಒಂದು ಟನ್ನಿಗೆ ಇದು ಸುಮಾರು 128 ಯೂನಿಟ್. ಶೀತಕಯಂತ್ರ ಒಂದು ಯೂನಿಟ್ ವಿದ್ಯುತ್ತಿನಿಂದ ಎರಡು ಮೂರು ಯೂನಿಟ್ ಉಷ್ಣವನ್ನು ಸಾಗಿಸಬಲ್ಲದು. ಸೋರಿಕೆಗಳನ್ನು ಸೇರಿಸಿದರೆ ಟನ್ನಿಗೆ 60 ಯೂನಿಟ್ ಎಂದಿಟ್ಟುಕೊಳ್ಳೋಣ. ಸಣ್ಣ ಡೀಸೆಲ್ ಜನರೇಟರು ಲೀಟರಿಗೆ ಸುಮಾರು 3 ಯೂನಿಟ್ ಕೊಡುತ್ತದೆ. ಹಾಗಾಗಿ ಒಂದು ಟನ್ ಐಸಿಗೆ 20 ಲೀಟರ್ ಡೀಸೆಲ್. ಉಷ್ಣವಲಯದಲ್ಲಿ ಒಂದು ಕಿಲೋ ಮೀನಿಗೆ ಕಡಿಮೆಯೆಂದರೂ ಒಂದು ಕಿಲೋ ಐಸ್ ಬೇಕು. ಇಲ್ಲಿಯವರೆಗೆ ಅಸಾಧ್ಯವಾದದ್ದೇನೂ ಇಲ್ಲ. ಡೀಸೆಲ್ ಹಡಗಿನಲ್ಲಿ ಬರಬೇಕು, ಕಂಪ್ರೆಸರ್ ಕೆಟ್ಟರೆ ಬಿಡಿಭಾಗವೂ ಹಡಗಿನಲ್ಲೇ ಬರಬೇಕು ಎಂಬುದನ್ನು ಯೋಜನೆ ಬರೆಯುವವರು ಸಾಮಾನ್ಯವಾಗಿ ನಮೂದಿಸಿರುತ್ತಾರೆ.

ನನಗೆ ಆತಂಕ ಹುಟ್ಟಿಸುವುದು ನೀರು. ಹವಳದ್ವೀಪದಲ್ಲಿ ನದಿಯಿಲ್ಲ, ಕೆರೆಯಿಲ್ಲ. ಮಳೆನೀರು ಮರಳಿನೊಳಗೆ ಇಂಗಿ, ಅಡಿಯ ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತದೆ. ಸಿಹಿನೀರಿನ ಸಾಂದ್ರತೆ ಘನ ಮೀಟರಿಗೆ 1000 ಕಿಲೋ, ಸಮುದ್ರದ ನೀರಿನದು 1025. ವ್ಯತ್ಯಾಸ 25, 1000ವನ್ನು 25ರಿಂದ ಭಾಗಿಸಿದರೆ 40. ಸಮುದ್ರಮಟ್ಟದ ಮೇಲೆ ಒಂದು ಸೆಂಟಿಮೀಟರ್ ಸಿಹಿನೀರಿದ್ದರೆ ಕೆಳಗೆ 40 ಸೆಂಟಿಮೀಟರ್ ಇರುತ್ತದೆ. ಗೈಬೆನ್–ಹೆರ್ಜ್‌ಬರ್ಗ್ ತತ್ವ ಎಂದು ಇದಕ್ಕೆ ಹೆಸರು. ಇದು ಆರ್ಕಿಮಿಡೀಸನ ತತ್ವದ ವಿಸ್ತರಣೆಯಷ್ಟೆ. ತಿರುಗಿಸಿ ನೋಡಿದರೆ ಇದರ ಅಪಾಯ ತಿಳಿಯುತ್ತದೆ: ಬಾವಿಯ ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದು ಹಾಗೆಯೇ ಉಳಿದರೆ ಅಡಿಯಿಂದ ಉಪ್ಪುನೀರು ಕ್ರಮೇಣ 40 ಸೆಂಟಿಮೀಟರ್ ಮೇಲೇರುತ್ತದೆ. ದಿನಕ್ಕೆ 5 ಟನ್ ಐಸ್ ಎಂದರೆ 5000 ಲೀಟರ್ ಸಿಹಿನೀರು, ತಲೆಗೆ 50 ಲೀಟರಿನಂತೆ ನೂರು ಜನರ ಬಳಕೆಯ ನೀರು. ಲಾ ನಿನಾ ಬಂದಾಗ ಮಳೆ ನಿಲ್ಲುತ್ತದೆ. 2022ರ ಜೂನ್‌ನಲ್ಲಿ ಬರಗಾಲದ ಕಾರಣಕ್ಕೆ ಕಿರಿಬಾಸ್ ಸರ್ಕಾರ ವಿಪತ್ತು ಸ್ಥಿತಿಯನ್ನು ಘೋಷಿಸಬೇಕಾಯಿತು. ಸಮುದ್ರದ ನೀರಿನಿಂದಲೇ ಐಸ್ ಮಾಡುವ ಯಂತ್ರಗಳೂ ಇವೆ, ನಿರ್ಲವಣೀಕರಣವೂ ಸಾಧ್ಯ. ಅವುಗಳ ಖರ್ಚು ಬೇರೆ, ನಿರ್ವಹಣೆ ಬೇರೆ. ಐಸ್ ಪ್ಲಾಂಟಿನ ಯೋಜನೆಯ ಮೊದಲ ಪುಟದಲ್ಲಿ ಇರಬೇಕಾದದ್ದು ಆ ದ್ವೀಪದ ಇಪ್ಪತ್ತು ವರ್ಷದ ಮಳೆಯ ದಾಖಲೆ ಮತ್ತು ಬಾವಿಗಳ ಮಟ್ಟ. ಮೀನು ಎಷ್ಟು ಸಿಕ್ಕೀತು ಎಂಬ ಅಂದಾಜು ಆಮೇಲಿನದು.

ಕೊಬ್ಬರಿಯೂ ಮೀನೂ

ಇನ್ನೊಂದು ಜನಪ್ರಿಯ ಕಲ್ಪನೆ 'ಪರ್ಯಾಯ ಜೀವನೋಪಾಯ'. ಜನರಿಗೆ ಬೇರೆ ಕೆಲಸದಲ್ಲಿ ಹೆಚ್ಚು ಹಣ ಸಿಗುವಂತೆ ಮಾಡಿದರೆ ಅವರು ಮೀನು ಹಿಡಿಯುವುದನ್ನು ಕಡಿಮೆ ಮಾಡುತ್ತಾರೆ, ಹವಳದ ದಿಬ್ಬಗಳು ಉಳಿಯುತ್ತವೆ ಎಂಬ ನಂಬಿಕೆ. ಕಿರಿಬಾಸಿನಲ್ಲಿ ಕೊಬ್ಬರಿಯ ಬೆಲೆಯನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಆ ಬೆಲೆ ಶೇಕಡ 30 ಏರಿದಾಗ ಏನಾಯಿತೆಂದು ಶೀಲಾ ವಾಲ್ಶ್ ರೆಡ್ಡಿ ಮತ್ತು ಸಂಗಡಿಗರು ಮನೆಮನೆ ಸಮೀಕ್ಷೆ ಮಾಡಿ, ನೀರಿನೊಳಗಿಳಿದು ಮೀನುಗಳನ್ನು ಎಣಿಸಿ, 2014ರಲ್ಲಿ ಪ್ರಕಟಿಸಿದರು. ಕೊಬ್ಬರಿಯ ದುಡಿಮೆ ಶೇಕಡ 32 ಹೆಚ್ಚಿತು. ಮೀನು ಹಿಡಿಯುವ ದುಡಿಮೆ ಇಳಿಯುವುದರ ಬದಲು ಶೇಕಡ 38 ಹೆಚ್ಚಿತು! ಇದರಿಂದ ದಿಬ್ಬದ ಮೀನಿನ ಸಂಗ್ರಹ ಶೇಕಡ 20ರಷ್ಟು ಕುಗ್ಗಬಹುದೆಂಬುದು ಅವರ ಅಂದಾಜು. ತೋಟ ಕಡಿಮೆ ಇದ್ದ ಮನೆಗಳವರೇ ಹೆಚ್ಚಾಗಿ ಕಡಲಿಗಿಳಿದಿದ್ದರು. ಅಲ್ಲಿಯವರಿಗೆ ಮೀನು ಹಿಡಿಯುವುದು ಕೂಲಿಯೊಂದೇ ಅಲ್ಲ. ಊಟ, ಬಿಡುವಿನ ಸಂತೋಷ, ನೆರೆಹೊರೆಯ ಕೊಡುಕೊಳೆ ಎಲ್ಲವೂ ಅದರಲ್ಲಿದೆ. ಒಂದು ತಕ್ಕಡಿಯಲ್ಲಿ ತೂಕ ಹಾಕಿದರೆ ಇನ್ನೊಂದು ಮೇಲೇಳುತ್ತದೆ ಎಂಬ ಯಾಂತ್ರಿಕ ಕಲ್ಪನೆ ಯಂತ್ರಗಳಿಗೇ ಸರಿ.

ತರಾವಾದ ಏರಿರಸ್ತೆಗಳ ಕಥೆ ಇದಕ್ಕಿಂತ ಬೇಸರದ್ದು. ದ್ವೀಪದಿಂದ ದ್ವೀಪಕ್ಕೆ ರಸ್ತೆ ಬೇಕಾಗಿತ್ತು. ಹಿಂದಿನ ಆಡಳಿತದ ಕಾಲದಲ್ಲಿ ಕೆಲವನ್ನು ಕಟ್ಟಿದ್ದರು, ಬೆತಿಯೊವನ್ನು ಬೈರಿಕಿಗೆ ಜೋಡಿಸುವ ದೊಡ್ಡ ರಸ್ತೆ 1987ರಲ್ಲಿ ಜಪಾನಿನ ನೆರವಿನಿಂದ ಪೂರ್ಣವಾಯಿತು. ಜನರಿಗೆ ಇದರಿಂದ ನಿಜವಾದ ಉಪಕಾರವೂ ಆಯಿತು. ಆದರೆ ದ್ವೀಪಗಳ ನಡುವಿನ ನೀರಿನ ಕಂಡಿಗಳ ಮೂಲಕವೇ ಇಕಾರಿ ಎಂಬ ಮೀನು ಹುಣ್ಣಿಮೆಯ ಸುಮಾರಿಗೆ ಮೊಟ್ಟೆಯಿಡಲು ಹೊರಕಡಲಿಗೆ ಹೋಗುತ್ತಿತ್ತು. ಕಂಡಿಗಳು ಮುಚ್ಚಿದವು, ಬಲೆಯೂ ಹೆಚ್ಚಿತು, ಮೀನಿನ ಆ ಯಾತ್ರೆ ಬಹುತೇಕ ನಿಂತಿತು. ಯಾವ ತಿಥಿಗೆ, ಯಾವ ಕಂಡಿಯಲ್ಲಿ ಮೀನು ಹೋಗುತ್ತದೆಂದು ವಯಸ್ಸಾದ ಬೆಸ್ತರಿಗೆ ಬಾಯಿಪಾಠವಾಗಿತ್ತು. ಜೋಹಾನ್ಸ್ ಮತ್ತು ಯೀಟಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಆ ತಿಳಿವಳಿಕೆಯನ್ನು ದಾಖಲಿಸಿದಾಗ ಹೆಚ್ಚಿನ ಕಂಡಿಗಳಿಗೆ ಕಲ್ಲು ಬಿದ್ದು ಬಹಳ ಕಾಲವಾಗಿತ್ತು.

ದಿನಗಳನ್ನು ಮಾರುವುದು

ಈಗ ಪರವಾನಗಿಯ ದರ ಏರಿದ್ದು ಹೇಗೆಂದು ನೋಡೋಣ. ಒಂದು ಕಾಲದಲ್ಲಿ ದೂರದೇಶದ ಹಡಗುಗಳು ಹಿಡಿದ ಮೀನಿನ ಬೆಲೆಯ ನೂರಕ್ಕೆ ಐದಾರರಷ್ಟು ಕೊಟ್ಟು ಹೋಗುತ್ತಿದ್ದವು. 1982ರಲ್ಲಿ ನೌರು ಒಪ್ಪಂದದ ಮೂಲಕ ಒಂದಾದ ದ್ವೀಪರಾಷ್ಟ್ರಗಳು (ಈಗ ಎಂಟು) 2007ರಲ್ಲಿ ಪರ್ಸೀನ್ ಹಡಗುಗಳಿಗೆ 'ಹಡಗು-ದಿನ' ಪದ್ಧತಿಯನ್ನು ಜಾರಿಗೆ ತಂದವು. ವರ್ಷಕ್ಕೆ ಒಟ್ಟು ಇಷ್ಟೇ ಮೀನುಗಾರಿಕೆಯ ದಿನಗಳು ಎಂದು ಮಿತಿ; ಅದನ್ನು ತಮ್ಮೊಳಗೆ ಹಂಚಿಕೊಂಡು ಹಡಗುಗಳಿಗೆ ಮಾರುವುದು. ಕನಿಷ್ಠ ದರ 2012ರಲ್ಲಿ ದಿನಕ್ಕೆ 5,000 ಅಮೆರಿಕನ್ ಡಾಲರ್, 2015ರಲ್ಲಿ 8,000. ಸದಸ್ಯರು ದಿನಗಳನ್ನು ಪರಸ್ಪರ ಕೊಟ್ಟು ತೆಗೆದುಕೊಳ್ಳಬಹುದಾದ್ದರಿಂದ ಎಲ್ ನಿನೊದ ಏರಿಳಿತಕ್ಕೂ ಸ್ವಲ್ಪ ಪರಿಹಾರ ಸಿಕ್ಕಿತು.

ಇದರಲ್ಲಿ ಒಂದು ಒಳ್ಳೆಯ ಗಣಿತವಿದೆ. ಒಂದು ಕಲ್ಪಿತ ಕಡಲಿನಲ್ಲಿ ಹೆಚ್ಚೆಂದರೆ 1000 ಟನ್ ಮೀನು ಇರಬಲ್ಲದು, ವಾರ್ಷಿಕ ಬೆಳವಣಿಗೆಯ ದರ 0.4 ಎನ್ನಿ. ಸಂಗ್ರಹ 500 ಟನ್ ಇದ್ದಾಗ ಬೆಳವಣಿಗೆ ಗರಿಷ್ಠ: 0.4 × 500 × 0.5 = 100 ಟನ್. 'ಪ್ರತಿವರ್ಷ 100 ಟನ್ ಹಿಡಿಯಿರಿ' ಎಂದು ಕೋಟಾ ಕೊಟ್ಟಿರೆಂದುಕೊಳ್ಳಿ. ಒಂದು ಕೆಟ್ಟ ವರ್ಷದಲ್ಲಿ ಸಂಗ್ರಹ 400ಕ್ಕೆ ಇಳಿಯಿತು. ಈಗ ಬೆಳವಣಿಗೆ 0.4 × 400 × 0.6 = 96; ಹಿಡಿಯುವುದು 100. ಮುಂದಿನ ವರ್ಷ 396, ಆಮೇಲೆ ಇನ್ನೂ ಕಡಿಮೆ, ಕುಸಿತದ ವೇಗವೂ ಹೆಚ್ಚುತ್ತದೆ. ಇದರ ಬದಲು ದಿನಗಳನ್ನು ಮಿತಿಗೊಳಿಸಿ, ಇದ್ದುದರಲ್ಲಿ ಐದನೇ ಒಂದು ಭಾಗ ಮಾತ್ರ ಬಲೆಗೆ ಬೀಳುವಂತೆ ಮಾಡಿದರೆ? 400 ಇದ್ದಾಗ ಹಿಡಿತ 80, ಬೆಳವಣಿಗೆ 96. ಸಂಗ್ರಹ 416ಕ್ಕೆ ಏರಿ ಮತ್ತೆ 500ರತ್ತ ಸಾಗುತ್ತದೆ. ಮೊದಲನೆಯದು ಅಸ್ಥಿರ, ಎರಡನೆಯದು ಸ್ಥಿರ ಸಮತೋಲ. ವಿದ್ಯಾರ್ಥಿಗಳು ಇಪ್ಪತ್ತು ವರ್ಷಗಳವರೆಗೆ ಲೆಕ್ಕ ಮಾಡಿ ರೇಖಾಚಿತ್ರ ಬರೆಯಲಿ.

ದೋಷವೂ ಉಂಟು. ದಿನದ ಉದ್ದ ಬದಲಾಗದಿದ್ದರೂ ದಿನದಲ್ಲಿ ಹಿಡಿಯುವ ಶಕ್ತಿ ಬದಲಾಗುತ್ತದೆ. ಇಂದು ಹಡಗುಗಳು ಸಾವಿರಾರು ತೇಲುಗಳನ್ನು ಕಡಲಿಗೆ ಬಿಡುತ್ತವೆ. ಅವುಗಳ ನೆರಳಿಗೆ ಮೀನು ಸೇರುತ್ತದೆ, ಕೆಳಗೆ ಎಷ್ಟು ಸೇರಿದೆಯೆಂದು ಪ್ರತಿಧ್ವನಿಯಿಂದ ಅಳೆದು ಉಪಗ್ರಹದ ಮೂಲಕ ತಿಳಿಸುವ ಸಾಧನವೂ ಅವುಗಳಲ್ಲಿದೆ. ನಮ್ಮ ಕಲ್ಪಿತ ಕಡಲಿನಲ್ಲಿ ಈ ಸಾಮರ್ಥ್ಯ ವರ್ಷಕ್ಕೆ ಶೇಕಡ 3 ಬೆಳೆದರೆ ಹತ್ತು ವರ್ಷದಲ್ಲಿ ಐದನೇ ಒಂದು ಭಾಗ ಶೇಕಡ 27 ಆಗುತ್ತದೆ. ಸಂಗ್ರಹ 330 ಟನ್ ಹತ್ತಿರ ನಿಲ್ಲುತ್ತದೆ, ಹಿಡಿತ 100ರಿಂದ 88ಕ್ಕೆ ಇಳಿಯುತ್ತದೆ. ಇದನ್ನು ಗುರುತಿಸಲು ಬೇಕಾದದ್ದು ದೋಣಿಯಲ್ಲ, ಜೆಟ್ಟಿಯಲ್ಲ. ಹಡಗಿನ ಮೇಲೆ ವೀಕ್ಷಕರು ಬೇಕು, ದಾಖಲೆ ಬೇಕು, ಅದನ್ನು ವಿಶ್ಲೇಷಿಸುವ ಸ್ಥಳೀಯ ಜನ ಬೇಕು. 2010ರಿಂದ ಈ ರಾಷ್ಟ್ರಗಳ ನೀರಿನಲ್ಲಿ ಪ್ರತಿಯೊಂದು ಪರ್ಸೀನ್ ಹಡಗಿನಲ್ಲೂ ವೀಕ್ಷಕರಿರಬೇಕೆಂಬ ನಿಯಮ ಬಂತು. 1977ರಿಂದ 1981ರವರೆಗೆ ದಕ್ಷಿಣ ಶಾಂತಸಾಗರ ಆಯೋಗ ಒಂದು ಲಕ್ಷಕ್ಕೂ ಹೆಚ್ಚು ಟ್ಯೂನಾಗಳಿಗೆ ಗುರುತುಪಟ್ಟಿ ಚುಚ್ಚಿ ಬಿಟ್ಟಿತ್ತು. ಆಗ ಅದಕ್ಕೆ ಹಣ ಕೊಟ್ಟವರಿಗೆ ಫೋಟೊ ತೆಗೆಸಿಕೊಳ್ಳಲು ಕಟ್ಟಡವೊಂದೂ ಸಿಗಲಿಲ್ಲ. ಆದರೆ ಮೀನು ಎಷ್ಟಿದೆ, ಎಷ್ಟು ದೂರ ಹೋಗುತ್ತದೆ ಎಂಬ ಅರಿವು ಅಲ್ಲಿಂದ ಆರಂಭವಾಯಿತು. ಪಶ್ಚಿಮ-ಮಧ್ಯ ಶಾಂತಸಾಗರದ ಪ್ರಮುಖ ಟ್ಯೂನಾ ಜಾತಿಗಳಲ್ಲಿ ಯಾವುದೂ ಅತಿಯಾಗಿ ಹಿಡಿಯಲ್ಪಟ್ಟಿಲ್ಲ ಎಂದು ಈಚಿನ ಮೌಲ್ಯಮಾಪನಗಳು ಹೇಳಲು ಸಾಧ್ಯವಾದದ್ದು ಇಂಥ ಕೆಲಸದಿಂದ.

ಸಂರಕ್ಷಣೆಯ ನೆರವಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಕಿರಿಬಾಸ್ ತನ್ನ ಫೀನಿಕ್ಸ್ ದ್ವೀಪಗಳ ಸುತ್ತಲಿನ 4,08,250 ಚದರ ಕಿಲೋಮೀಟರ್ ಕಡಲನ್ನು, ಅಂದರೆ ತನ್ನ ವಲಯದ ಎಂಟನೇ ಒಂದು ಭಾಗದಷ್ಟನ್ನು, ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. 2010ರಲ್ಲಿ ಅದು ವಿಶ್ವಪರಂಪರೆಯ ತಾಣವಾಯಿತು. 2015ರ ಜನವರಿ 1ರಿಂದ ವಾಣಿಜ್ಯ ಮೀನುಗಾರಿಕೆ ಸಂಪೂರ್ಣ ಬಂದ್. ಜಗತ್ತೇ ಹೊಗಳಿತು. ಇದಕ್ಕೆ ಬೆಂಬಲವಾಗಿ ಸ್ಥಾಪಿಸಿದ ನಿಧಿ 50 ಲಕ್ಷ ಡಾಲರಿನದು, ಅದರಲ್ಲೂ ಅರ್ಧ ಕಿರಿಬಾಸಿನದೇ. ಶೇಕಡ 5 ಬಡ್ಡಿ ಎಂದರೆ ವರ್ಷಕ್ಕೆ 2.5 ಲಕ್ಷ ಡಾಲರ್, ದಿನಕ್ಕೆ 8,000ದಂತೆ ಮೂವತ್ತೊಂದು ಹಡಗು-ದಿನಗಳ ಬೆಲೆ! 2021ರ ನವೆಂಬರಿನಲ್ಲಿ ಆ ಕಡಲನ್ನು ಮತ್ತೆ ಮೀನುಗಾರಿಕೆಗೆ ತೆರೆಯುವುದಾಗಿ ಸರ್ಕಾರ ಪ್ರಕಟಿಸಿದಾಗ ಹೊಗಳಿದವರು ಬಯ್ದರು. ಒಟ್ಟು ದಿನಗಳು ಹೇಗೂ ನಿಗದಿಯಾಗಿರುವಾಗ ಒಂದು ಕಡೆ ಮುಚ್ಚಿದರೆ ಹಡಗುಗಳು ಪಕ್ಕದಲ್ಲಿ ಬಲೆ ಬೀಸುತ್ತವೆ, ಸ್ಕಿಪ್‌ಜಾಕ್ ಅಂತೂ ಗಡಿ ನೋಡಿ ಈಜುವುದಿಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಹವಳ, ಶಾರ್ಕ್, ಕಡಲಹಕ್ಕಿಗಳ ರಕ್ಷಣೆಗೆ ಆ ಮುಚ್ಚುಗಡೆಯಿಂದ ಪ್ರಯೋಜನವಿತ್ತು, ನಿಜ. ಅದರ ಬೆಲೆಯನ್ನು 1.2 ಲಕ್ಷ ಜನರೇ ತೆರಬೇಕೇ ಎಂಬುದು ನನ್ನ ಪ್ರಶ್ನೆ.

ಹಣ ಕೊಡುವವರ ಕಷ್ಟವೂ ಇದೆ. ಅವರ ಸಂಸತ್ತು, ಅವರ ಲೆಕ್ಕಪರಿಶೋಧಕರು ಮೂರು ವರ್ಷಕ್ಕೊಮ್ಮೆ ಫಲ ಕೇಳುತ್ತಾರೆ. ಐಸ್ ಪ್ಲಾಂಟನ್ನು ಎಣಿಸಬಹುದು, ಚೌಕಾಸಿಯ ಶಕ್ತಿಯನ್ನು ಎಣಿಸುವುದು ಹೇಗೆ? ಆದರೆ ಮುಂದೆ ಬರುವುದು ಇನ್ನೂ ನಿಧಾನದ, ಇನ್ನೂ ದೊಡ್ಡ ಚಲನೆ. ಹಸಿರುಮನೆ ಅನಿಲಗಳು ಈಗಿನಂತೆಯೇ ಹೆಚ್ಚುತ್ತ ಹೋದರೆ 2050ರ ವೇಳೆಗೆ ಹತ್ತು ಶಾಂತಸಾಗರ ದ್ವೀಪರಾಷ್ಟ್ರಗಳ ನೀರಿನಲ್ಲಿರುವ ಟ್ಯೂನಾ ಸರಾಸರಿ ಶೇಕಡ 13ರಷ್ಟು ಕಡಿಮೆಯಾಗಿ, ಹಿಂಡುಗಳು ಪೂರ್ವಕ್ಕೆ, ಯಾರಿಗೂ ಸೇರದ ಮುಕ್ತ ಸಾಗರದತ್ತ ಸರಿಯುತ್ತವೆ ಎಂದು ಜೊಹಾನ್ ಬೆಲ್ ಮತ್ತು ಸಂಗಡಿಗರು 2021ರಲ್ಲಿ ಅಂದಾಜು ಮಾಡಿದ್ದಾರೆ. ಮುಕ್ತ ಸಾಗರದಲ್ಲಿ ಹಿಡಿದ ಮೀನಿಗೆ ಈ ರಾಷ್ಟ್ರಗಳಿಗೆ ಪರವಾನಗಿ ಶುಲ್ಕವಿಲ್ಲ. ಮೀನು ಎಲ್ಲಿಗೇ ಸರಿದರೂ ಈಗಿರುವ ಪಾಲು ಈ ದೇಶಗಳಿಗೆ ಉಳಿಯುವಂತೆ ಈಗಲೇ ಮಾತುಕತೆ ನಡೆಯಬೇಕೆಂಬುದು ಅವರ ಸಲಹೆ. ಅಂಥ ಮಾತುಕತೆಗೆ ಕೂರುವ ಕಿರಿಬಾಸಿನ ಪ್ರತಿನಿಧಿಯ ಪಕ್ಕದಲ್ಲಿ ಸಾಗರದ ಮಾದರಿಗಳನ್ನು ಓದಬಲ್ಲ ಆ ದೇಶದ್ದೇ ಒಬ್ಬ ಭೌತವಿಜ್ಞಾನಿ ಇರಬೇಕಾದರೆ ಆ ವ್ಯಕ್ತಿ ಇಂದು ತರಾವಾದ ಯಾವುದೋ ಪ್ರೌಢಶಾಲೆಯಲ್ಲಿ ಓದುತ್ತಿರಬೇಕು. ಆ ಶಾಲೆಯ ಪ್ರಯೋಗಾಲಯಕ್ಕೆ ಒಂದು ಲೋಲಕ, ಒಂದು ಉಷ್ಣಮಾಪಕ, ಬಾವಿಯ ಉಪ್ಪಿನಂಶ ಅಳೆಯುವ ಒಂದು ಉಪಕರಣ ಕೊಡಲು ಆಗುವ ಖರ್ಚು ಒಂದು ಹಡಗು-ದಿನದ ಬೆಲೆಗಿಂತಲೂ ಕಡಿಮೆ.